ಕೆಂಪಿಯ ಬಾಣಂತನ

ನಂಜನಗೂಡು
ಕೀಲಕ ಸಂವತ್ಸರ, ಪುಷ್ಯ ಮಾಸ

ನರಸೀಪುರದ ಅತ್ತೆಯ ಮನೆಯಲ್ಲಿರುವ ಚಿರಂಜೀವಿ ಮಂಗಳಳಿಗೆ,

ಈ ಚಳಿಯಲ್ಲಿ ನಿನ್ನ ನಾಯಿ ಹೇಗಿದೆಯೆಂದು ಕೇಳಿದ್ದೀಯೆ. ಸಂಗತಿಗಳು ಕ್ರಮವಾಗಿ ಹೀಗಿವೆ.

೧. ಕೆಂಪಿ ಸೋಮವಾರ ಬೆಳಿಗ್ಗೆ ನಾಲ್ಕು ಮರಿ ಹಾಕಿದಳು.
೨. ಹಾಕಿದ್ದು ಕೊಟ್ಟಿಗೆಯಲ್ಲಲ್ಲ. ನಿನ್ನ ಹೆರಿಗೆಗೆಂದು ನಿನ್ನ ತಾಯಿ ಸಾರಿಸಿ, ಆರಲು ಬಾಗಿಲು ತೆರೆದಿಟ್ಟಿದ್ದ ಕೋಣೆಯಲ್ಲಿ. ನಿನಗೆಂದೇ ತರಿಸಿದ್ದ ಹೊಸ ಕಂಬಳಿಯ ಮೇಲೆ.
೩. ಕಪಿಲೆಯ ಕಡೆಯ ಗಾಳಿ ಈ ಸಲ ಎಲುಬಿಗೆ ಇಳಿಯುತ್ತಿದೆ.
೪. ನಿನ್ನನ್ನು ಮಲಗಿಸಲು ಬೆಚ್ಚಗಿರುವ ಬೇರೆ ಕೋಣೆಯಿಲ್ಲವೆಂದು ನಿನ್ನ ತಾಯಿ ಪೊರಕೆ ಹಿಡಿದು ನಿಂತಳು.

ಮರಾಮತ್ತು ಇಲಾಖೆಯಲ್ಲಿ ಇಷ್ಟು ವರ್ಷ ಸೇತುವೆ, ತೂಬು ಕಟ್ಟಿಸಿದವನಿಗೆ ಇದು ಸಣ್ಣ ಕೆಲಸವೆಂದು ತಿಳಿದೆ. ಎರಡು ಪದರ ಹಲಗೆ, ನಡುವೆ ಒತ್ತಾಗಿ ತುಂಬಿದ ಹುಲ್ಲು, ಗಾಳಿಗೆ ಬೆನ್ನು ಮಾಡಿದ ಬಾಗಿಲು. ಹಿತ್ತಲಲ್ಲಿ ಇಂಥದೊಂದು ಗೂಡು ಮಾಡಿಸಿ ಮರಿಗಳನ್ನು ಸಾಗಿಸಿದೆ. ಕೈ ತೊಳೆದು ಬರುವಷ್ಟರಲ್ಲಿ ಕೆಂಪಿ ಒಂದೊಂದನ್ನೇ ಬಾಯಲ್ಲಿ ಕಚ್ಚಿಕೊಂಡು ಕೋಣೆಗೆ ಮರಳಿದ್ದಳು.

"ನೀವ್ ಕಟ್ಸಿದ್ ಸೇತ್ವೆ ಮ್ಯಾಲೆ ಊರೇ ಓಡಾಡ್ತದೆ ಕಣ್ರೀ, ನೀವ್ ಕಟ್ಸಿದ್ ಮನೇಲಿ ನಾಯೂ ನಿಲ್ಲಲ್ವಲ್ಲ!" ಎಂದಳು ನಿನ್ನ ತಾಯಿ.

ಈ ಓಡಾಟದಲ್ಲಿ ಎಲ್ಲಕ್ಕಿಂತ ಸಣ್ಣ ಮರಿ ತಣ್ಣಗಾಗಿ, ಮೊಲೆ ಹಿಡಿಯದೆ ಜೋತುಬಿತ್ತು. ನಿನ್ನ ಅಜ್ಜಿ ಅದನ್ನು ಮಡಿಲಿಗೆ ಹಾಕಿಕೊಂಡು ಬಚ್ಚಲೊಲೆಯ ಮುಂದೆ ಕುಳಿತರು. ಹಳೆಯ ಸೀರೆಯ ತುಂಡಿನಿಂದ ಮೆಲ್ಲಗೆ ಉಜ್ಜುತ್ತ, ನನ್ನತ್ತ ನೋಡದೆಯೇ ಹೇಳಿದರು: "ಆಗ್ತಾನೆ ಮರಿ ಆಕ್ದೋಳ್ನ ಚಳೀಗ್ ತಳ್ಳೋ ಮನೆಯೇನ್ಲಾ ಇದು? ಬಾಣಂತಿ ಅಂದ್ರೆ ಬಾಣಂತಿ. ನಾಕ್ ಕಾಲಿದ್ರೇನು?"

ನಾನು ಕಚೇರಿಗೆಂದು ಎರಡು ಸಲ ಹೊರಟು, ಎರಡು ಸಲವೂ ಬಚ್ಚಲ ಬಾಗಿಲಿಗೇ ಬಂದು ನಿಂತೆನಂತೆ. ಮಧ್ಯಾಹ್ನದ ಹೊತ್ತಿಗೆ ಮರಿ ಮಿಸುಕಿತು. ಮೊಲೆಗೆ ಹಿಡಿದಾಗ ಚೀಪಿತು. ಈಗ ಒಡಹುಟ್ಟಿದವರನ್ನು ತುಳಿದುಕೊಂಡು ಮುಂದೆ ನುಗ್ಗುವುದು ಅದೇ.

ಅಂದಿನಿಂದ ಮನೆಯಲ್ಲಿ ಪೂರ್ಣ ಪ್ರಮಾಣದ ಬಾಣಂತನ ನಡೆದಿದೆ. ಪೊರಕೆ ಹಿಡಿದಿದ್ದವಳೇ ಬೆಳಿಗ್ಗೆ ಬಿಸಿ ರಾಗಿ ಗಂಜಿ, ಸಂಜೆ ಹಾಲನ್ನ ಇಡುತ್ತಾಳೆ. ಕಿಟಕಿಗೆ ಗೋಣಿ ಕಟ್ಟಿದ್ದೇನೆ. ಕಂಬಳಿಯ ಕೆಳಗಿನ ಹುಲ್ಲು ಒದ್ದೆಯಾದೊಡನೆ ಬದಲಾಗುತ್ತದೆ. ಮುಚ್ಚಿದ ಕೋಣೆಯೊಳಗೆ ಕೆಂಡವಿಡಬಾರದೆಂಬ ನನ್ನ ಒಂದು ಹಟವನ್ನು ಅಜ್ಜಿ ಒಪ್ಪಿದ್ದಾರೆ. ಅಗ್ಗಿಷ್ಟಿಕೆ ಹೊಸ್ತಿಲಾಚೆ ಇರುತ್ತದೆ. ಪಕ್ಕದ ಮನೆಯ ಚಿಕ್ಕಬಸಮ್ಮ ಬೇಲಿಯಾಚೆಯಿಂದ, "ಮಗ್ಳು ಯಾವಾಗ್ ಬಂದ್ಲವ್ವಾ?" ಎಂದು ಕೇಳಿದರು. "ಬಂದವ್ಳೆ, ಬಾಲ ಆಡಿಸ್ಕೊಂಡು!" ಎಂದಳು ನಿನ್ನ ತಾಯಿ. ಇಬ್ಬರೂ ಬಹಳ ಹೊತ್ತು ನಕ್ಕರು.

ಮಂಗಳ, ನಿನ್ನ ಕಾಗದದ ತುಂಬ ಕೆಂಪಿಯೇ ಇದ್ದಳು. ಚೊಚ್ಚಲ ಹೆರಿಗೆಯ ಭಯವನ್ನು ನೀನು ಬರೆದಿಲ್ಲ; ಕೇಳುವ ಮಾತು ನನಗೂ ಬರುವುದಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಈ ಮನೆಯ ಹೆಂಗಸರು ಬಾಣಂತಿಯನ್ನು ಹೇಗೆ ಕಾಯುತ್ತಾರೆಂಬುದನ್ನು ಈ ವಾರ ಹತ್ತಿರದಿಂದ ಕಂಡಿದ್ದೇನೆ. ಹೆದರಬೇಕಾದ್ದಿಲ್ಲ.

ಸಂಕ್ರಾಂತಿ ಕಳೆದೊಡನೆ ಕಮಾನು ಗಾಡಿಯೊಡನೆ ನಾನೇ ಬರುತ್ತೇನೆ. ನಂಜುಂಡೇಶ್ವರನು ನಿನ್ನನ್ನೂ ನಿನ್ನ ಒಡಲ ಕೂಸನ್ನೂ ಬೆಚ್ಚಗಿಟ್ಟಿರಲಿ.

ಕೆಂಪಿಯನ್ನು ಆ ಕೋಣೆಯಿಂದ ಏಳಿಸುವುದಿಲ್ಲ. ದಪ್ಪ ಗೋಡೆಯ, ಬೆಳಗಿನ ಬಿಸಿಲು ಬೀಳುವ ನನ್ನ ನಕ್ಷೆಗಳ ಕೋಣೆಯನ್ನು ನಿನಗೆ ತೆರವು ಮಾಡಿ, ನನ್ನ ಮೇಜನ್ನು ಜಗಲಿಗೆ ಹಾಕಿಸಿದ್ದೇನೆ.

ನಿನ್ನ ತಂದೆ,
ಗಂಗಾಧರಸ್ವಾಮಿ