ಕೂದಲು ಯಾವ ಡಬ್ಬಕ್ಕೆ?

ಜೂನ್ 2, ಸೋಮವಾರ, ಬೆಳಿಗ್ಗೆ

ಕತ್ತರಿಗೆ ಎಣ್ಣೆ ಬಿಟ್ಟೆ. ಕನ್ನಡಿ ಒರೆಸಿದೆ. ಕೂದಲಿನ ಮೂಟೆ ಹೊರಗಿಟ್ಟೆ... ಹಾಗೇ ವಾಪಸ್ ಬಂತು. ಪುರಸಭೆಯ ಹೊಸ ನಿಯಮ: ಅಂಗಡಿಯಾಗಲಿ, ಅಪಾರ್ಟ್‌ಮೆಂಟಾಗಲಿ, ಕಸ ಬೇರ್ಪಡಿಸಲೇಬೇಕು. ಕೊಳೆಯುವುದು ಹಸಿರು ಡಬ್ಬಕ್ಕೆ, ಮರುಬಳಕೆಯದ್ದು ನೀಲಿಗೆ. ಕೂದಲು? ಕಸದ ಗಾಡಿಯವನು ತಲೆ ಕೆರೆದುಕೊಂಡ.

"ಬೇಗ ಕೊಳೆಯಲ್ಲ ಅಣ್ಣ, ಹಸಿರಿಗೆ ಬೇಡ. ಮರುಬಳಕೆನೂ ಆಗಲ್ಲ, ನೀಲಿಗೂ ಬೇಡ."

ಮತ್ತೆ ನಾನೇನು ನುಂಗಲೇ? ಈ ತಿಂಗಳ ಮೂವತ್ತರೊಳಗೆ ಕಸ ಸರಿಯಾಗಿ ಬೇರ್ಪಡಿಸುತ್ತೇನೆಂಬ ಸರ್ಟಿಫಿಕೇಟ್ ಸಿಗದಿದ್ದರೆ ಅಂಗಡಿಗೆ ಬೀಗ. ಇಪ್ಪತ್ತೆಂಟು ವರ್ಷದ ಸಲೂನ್!

ಜೂನ್ 5

ಮೂರು ಮೂಟೆ ಆಯಿತು. ಬೆಂಚಿನ ಮೇಲೆ ಅವೇ ಕೂತಿವೆ, ಗಿರಾಕಿಗಳು ನಿಂತಿದ್ದಾರೆ. ಫ್ಯಾನ್ ಹಾಕಿದರೆ ಎಲ್ಲರಿಗೂ ಸೀನು. ಆಫ್ ಮಾಡಿದೆ. ನನ್ನವಳು ಊಟ ತಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ರೀ, ನಿಮ್ಮ ತಲೆ ಮೇಲೆ ಇಲ್ಲದ್ದೆಲ್ಲ ಇಲ್ಲೇ ಸೇರ್ಕೊಂಡಿದೆಯಲ್ರೀ!"

ಬೋಳುತಲೆಯವನಿಗೆ ಕೂದಲಿನ ಚಿಂತೆ. ಸಿಟ್ಟೂ ಬಂತು, ನಗುವೂ ಬಂತು.

ಜೂನ್ 11

ಹತ್ತೊಂಬತ್ತಕ್ಕೆ ಪುರಸಭೆಯಲ್ಲಿ ಸಾರ್ವಜನಿಕ ಸಭೆಯಂತೆ. ಆಕ್ಷೇಪಣೆ ಇದ್ದವರು ಮಾತಾಡಬಹುದು. ಊರಿನ ಸಲೂನಿನವರೆಲ್ಲ ಸೇರಿ ನನ್ನನ್ನೇ ಮುಂದೆ ತಳ್ಳಿದರು. "ನೀನೇ ಹೋಗಪ್ಪ, ನಿನ್ನ ಬಾಯಿಗೆ ಬೀಗ ಎಲ್ಲಿದೆ?" ನಿಜವೇ. ನನ್ನ ಕುರ್ಚಿಯಲ್ಲಿ ಕೂತವರಿಗೆ ಹ್ಞೂಂ ಅನ್ನಲೂ ಪುರುಸೊತ್ತಿಲ್ಲ. ಜಂಬದಿಂದ ಒಪ್ಪಿಕೊಂಡೆ.

ಜೂನ್ 19, ಸಂಜೆ

ಸಭೆಯಿಂದ ನೇರ ಬಂದು ಕೂತೆ. ಬರೆದೇ ಬಿಡುತ್ತೇನೆ.

ನನ್ನ ಸರದಿ ಬಂತು. ಮೈಕ್. ಎದುರಿಗೆ ಇನ್ನೂರು ಮುಖ. ನಾಲಗೆ ಅಂಟಿಕೊಂಡಿತು! ಆಗ ಹೊಳೆಯಿತು — ಇಷ್ಟು ವರ್ಷ ನಾನು ಮಾತಾಡಿದ್ದೆಲ್ಲ ಜನರ ಹಿಂದಲೆಯ ಜೊತೆ. ಮುಖ ಕಂಡಿದ್ದು ಕನ್ನಡಿಯಲ್ಲಿ ಮಾತ್ರ.

"ಹೇಳಿ, ಏನು ಸಮಸ್ಯೆ?" ಅಧ್ಯಕ್ಷರು ಕೇಳಿದರು. ಮೈಕ್ ತಟ್ಟಿ ನೋಡಿದೆ. "ಇನ್ನೊಂದೇ ನಿಮಿಷ ಇದೆ."

ಅಂಗಡಿಯ ಬಾಗಿಲಿಗೆ ಬೀಗ ಬಿದ್ದ ಹಾಗೆ ಕಂಡಿತು. ಕಾಲು ತಾನಾಗೇ ವೇದಿಕೆ ಹತ್ತಿತು. ಅಧ್ಯಕ್ಷರ ಕುರ್ಚಿಯ ಹಿಂದೆ ಹೋಗಿ ನಿಂತೆ. ಕೈ ಅವರ ಹೆಗಲ ಮೇಲೆ. ಬಾಯಿಂದ ಬಂದ ಮೊದಲ ಮಾತು:

"ತಲೆ ಸ್ವಲ್ಪ ಬಗ್ಗಿಸಿ ಸಾರ್."

ಬಗ್ಗಿಸಿಯೇಬಿಟ್ಟರು! ಸಭೆ ಬಿದ್ದು ಬಿದ್ದು ನಕ್ಕಿತು. ನನಗೆ ಮಾತಿನ ಕಟ್ಟೆ ಒಡೆಯಿತು.

"ಬಾಟಲಿ, ಬ್ಯಾಟರಿ, ಬಾಳೆಸಿಪ್ಪೆ ಎಲ್ಲಾ ಬರೆದಿದ್ದೀರ. ಇಲ್ಲಿ ಪ್ರತಿ ತಲೆ ಮೇಲೂ ಬೆಳೆಯೋದನ್ನೇ ಮರೆತಿದ್ದೀರ. ನನ್ನ ತಲೆ ಬಿಡಿ. ತಿಂಗಳಿಗೊಮ್ಮೆ ನನ್ನ ಹತ್ರ ಬಿಟ್ಟು ಹೋಗ್ತೀರ, ಒಬ್ಬರಾದ್ರೂ ಮನೆಗೆ ತಗೊಂಡು ಹೋಗಿದ್ದೀರಾ? ಕೂದಲು ನಿಮ್ದು, ಬೀಗ ನನಗಾ? ನಿಯಮ ಬೇಡ ಅನ್ನಲ್ಲ ಸಾರ್. ಇದಕ್ಕೂ ಒಂದು ಡಬ್ಬ ಕೊಡಿ."

ಹಿಂದಿನ ಸಾಲಿನಿಂದ ಗಿಡಗಳ ನರ್ಸರಿ ನಡೆಸುವ ಅಮ್ಮ ಎದ್ದರು. "ನಿಧಾನಕ್ಕೆ ಕೊಳೆಯುತ್ತೆ ಅಷ್ಟೆ, ಒಳ್ಳೇ ಗೊಬ್ಬರ. ಎಷ್ಟಿದ್ರೂ ನನಗೆ ಕೊಡಿ!"

ಚಪ್ಪಾಳೆಯೋ ಚಪ್ಪಾಳೆ. ಅದರ ನಡುವೆ ಅಧ್ಯಕ್ಷರ ದನಿ: "ಈಗ ತಲೆ ಎತ್ತಬಹುದಾ?"

ತೀರ್ಮಾನ ಇಪ್ಪತ್ತೇಳಕ್ಕೆ.

ಜೂನ್ 28, ಶನಿವಾರ

ಬಾಗಿಲು ತೆಗೆದರೆ ಅಧ್ಯಕ್ಷರು! ಬಂದು ಕುರ್ಚಿಯಲ್ಲಿ ಕೂತರು. ಬಟ್ಟೆ ಹೊದಿಸಿದೆ. ನಿನ್ನೆ ಏನಾಯಿತೆಂದು ಕೇಳಲು ಧೈರ್ಯವಿಲ್ಲ. ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಕಟಿಂಗ್ ಮಾಡಿದೆ. ಅರ್ಧ ಮುಗಿದಾಗ ಅವರು ಕನ್ನಡಿಯಲ್ಲಿ ನನ್ನನ್ನೇ ನೋಡಿದರು.

"ಮೂರನೇ ಡಬ್ಬ ಎಲ್ಲಿಡ್ತೀರ?"

ಅಯ್ಯಪ್ಪಾ! ಕಂದು ಡಬ್ಬ, ಎಲ್ಲ ಸಲೂನಿಗೂ! ಖುಷಿಯಲ್ಲಿ ಅವರ ಎಡಗಡೆಯ ಕೃತಾವು ತುಸು ಹೆಚ್ಚೇ ಹೋಯಿತು. ಅವರು ಗಮನಿಸಲಿಲ್ಲ. ಗಮನಿಸಿದರೂ ಹೇಳಲಿಲ್ಲ.

ಜೂನ್ 30, ಸೋಮವಾರ, ಬೆಳಿಗ್ಗೆ 10

ಕಂದು ಡಬ್ಬ ಬಂತು. ಹಿಂದೆಯೇ ಪುರಸಭೆಯ ಇನ್‌ಸ್ಪೆಕ್ಟರೂ ಬಂದರು. ಮೂರೂ ಡಬ್ಬ ಬಗ್ಗಿ ನೋಡಿದರು. ಈಗಷ್ಟೇ ಸಹಿ ಹಾಕಿದರು! ಸರ್ಟಿಫಿಕೇಟ್ ನನ್ನ ಕೈಯಲ್ಲಿದೆ. ಕಣ್ಣು ತುಂಬಿ ಬಂತು, ಏನು ಮಾಡಲಿ. ತಾರೀಖು ಸಮೇತ ಈಗಲೇ ಬರೆದಿಡಬೇಕು ಅನ್ನಿಸಿ ನರ್ಸರಿಗೆಂದು ಮೂಟೆ ಕಟ್ಟುತ್ತಿದ್ದವನು ಹಾಗೇ ಬಿಟ್ಟು ಕೂತಿದ್ದೇನೆ. ನನ್ನವಳು ನನಗಿಂತ ಸಂಭ್ರಮದಲ್ಲಿದ್ದಾಳೆ. "ಕೂತ್ಕೊಳ್ಳಿ ಸಾರ್, ಎಷ್ಟು ಬೆವರ್ತಿದ್ದೀರ" ಎಂದು ಇನ್‌ಸ್ಪೆಕ್ಟರಿಗೆ ಹೇಳುತ್ತ ಸ್ವಿಚ್ಚಿನ ಕಡೆ ಹೊರಟಿದ್ದಾಳೆ. ಅಯ್ಯೋ, ಒಂಬತ್ತು ಮೂಟೆಯ ಬಾಯಿಯೂ ತೆರೆದಿದೆ, ಫ್ಯಾನ್ ಹಾಕಬೇ—