ಗೋಲ್‌ಕೀಪರ್‌ಗೆ ಸೊನ್ನೆ ಕೊಟ್ಟವರಿಗೆ ಮೊದಲನೇ ಸ್ಥಾನದವನ ತಕರಾರು

ಜಿಲ್ಲೆಯ ಸಾರ್ವಕಾಲಿಕ ಶ್ರೇಷ್ಠ ಆಟಗಾರರ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ಹಾಕಿ ಮತ್ತು ಫುಟ್‌ಬಾಲ್ ಎರಡನ್ನೂ ಸೇರಿಸಿ ನೀವು ಪ್ರಕಟಿಸಿರುವ ನಲವತ್ತು ಜನರ ಪಟ್ಟಿಯಲ್ಲಿ ನನಗೆ ಮೊದಲನೇ ಸ್ಥಾನ ದಯಪಾಲಿಸಿದ್ದೀರಿ. ಅದು ನನಗೆ ಬೇಡ. ಅದೇ ಪಟ್ಟಿಯ ನಲವತ್ತನೇ ಸ್ಥಾನದಲ್ಲಿ ಸುಗಟೂರಿನ ಕೋದಂಡರಾಮಪ್ಪನ ಹೆಸರಿದೆ, ಹೆಸರಿನ ಮುಂದೆ ಸೊನ್ನೆ ಇದೆ. ಅವನು ನಮ್ಮ ಹಾಕಿ ತಂಡದ ಗೋಲ್‌ಕೀಪರ್ ಆಗಿದ್ದವನು. ಗೋಲ್‌ಕೀಪರ್ ಎಷ್ಟು ಗೋಲು ಹೊಡೆದ ಎಂದು ಹುಡುಕಿ, ಒಂದೂ ಸಿಗಲಿಲ್ಲವೆಂದು ಅವನನ್ನು ಕೊನೆಗೆ ಕೂರಿಸಿದ ಸಮಿತಿ ಪ್ರಪಂಚದಲ್ಲಿ ನಿಮ್ಮದೊಂದೇ ಇರಬೇಕು. ಮೊದಲ ಹತ್ತು ಹೆಸರುಗಳನ್ನು ಕ್ರೀಡಾಂಗಣದ ಹೊಸ ಗೋಡೆಯ ಮೇಲೆ ಬರೆಸುತ್ತೀರಂತೆ. ಅದಕ್ಕೆ ಮುಂಚೆ ಈ ಪತ್ರವನ್ನು ಓದಬೇಕು.

ಆರು ತಿಂಗಳು ಅಳೆದೂ ಸುರಿದೂ ನೀವು ಕಂಡುಹಿಡಿದ ಸೂತ್ರ ಇಷ್ಟೇ. ಗೋಲಿಗೆ ಹತ್ತು ಅಂಕ, ಹೆಚ್ಚು ಗೋಲು ಹೊಡೆದವನೆಂಬ ಸರ್ಟಿಫಿಕೇಟಿಗೆ ಐದು, ಪೇಪರಿನಲ್ಲಿ ಫೋಟೊ ಬಂದಿದ್ದರೆ ಇನ್ನೈದು. ಕಾಲಲ್ಲಿ ಆಡುವವರನ್ನೂ ಕೋಲಲ್ಲಿ ಆಡುವವರನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ, ಇರಲಿ. ಮುಳಬಾಗಿಲಿನ ಫುಟ್‌ಬಾಲ್ ಬ್ಯಾಕ್ ಕಾಂತರಾಜ್ ಎದುರು ನಿಂತರೆ ಅವನನ್ನು ದಾಟುವುದಕ್ಕಿಂತ ಬೆಂಗಳೂರಿಗೆ ನಡೆದು ಹೋಗುವುದೇ ಸುಲಭ ಎನ್ನುತ್ತಿದ್ದರು. ಅವನಿಗೆ ಸಿಕ್ಕಿರುವುದು ಎರಡು ಗೋಲಿನ ಅಂಕ. ಅದರಲ್ಲಿ ಒಂದು, ಕೆಸರಿನಲ್ಲಿ ಕಾಲು ಜಾರಿ ತನ್ನ ತಂಡದ ಗೋಲಿಗೇ ಹೊಡೆದದ್ದು. ಅದಕ್ಕೂ ಹತ್ತು ಅಂಕ ಕೊಟ್ಟಿದ್ದೀರಿ. ನಿಮ್ಮ ಸಮಿತಿಯಲ್ಲಿ ಒಬ್ಬರಾದರೂ ಎಂದಾದರೂ ಮೈದಾನದ ಬಿಸಿಲಲ್ಲಿ ನಿಂತು ಆಟ ನೋಡಿದ್ದಾರೆಯೇ?

ನನ್ನ ಫೋಟೊಗೂ ಐದು ಅಂಕ ಬಂದಿದೆ. ಶ್ರೀನಿವಾಸಪುರದ ಫೈನಲ್ ಗೆದ್ದ ದಿನದ ಫೋಟೊ ಅದು. ಕಪ್ ಹಿಡಿದು ಹಲ್ಲು ಕಿರಿಯುತ್ತಿರುವವನು ನಾನು. ಅಂಚಿನಲ್ಲಿ ಯಾರದೋ ಮಂಡಿ ಕಾಣುತ್ತದೆ. ಆ ಮಂಡಿ ಕೋದಂಡನದು. ಅವನು ಬಗ್ಗಿ ಪ್ಯಾಡ್ ಬಿಚ್ಚುತ್ತಿದ್ದ. ಆ ಫೈನಲ್ ಹೇಗೆ ಗೆದ್ದೆವು ಎಂಬುದು ಯಾವ ಪೇಪರಿನಲ್ಲೂ ಬರಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ನಾವಿಬ್ಬರೂ ಆಗ ಮಾಲೂರಿನ ಕಾರ್ಖಾನೆಯೊಂದರ ತಂಡದಲ್ಲಿದ್ದೆವು. ಆಡುವುದಕ್ಕೆಂದೇ ಸಂಬಳ ಕೊಡುತ್ತಿದ್ದ ಕಾಲ. ಫೈನಲ್‌ಗೆ ನಾಲ್ಕು ದಿನ ಇದೆ ಎನ್ನುವಾಗ ಕೋದಂಡನ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಟ್ಟಿದ್ದರು. ಆ ದೊಡ್ಡ ಬಿದಿರಿನ ತಟ್ಟೆಗಳನ್ನು ಅಂಗಳದ ಚಪ್ಪರದಡಿ ಗೋಡೆಗೆ ಒರಗಿಸಿಟ್ಟು, ಕಾಗೆ ಇರುವೆ ಬಾರದಂತೆ ಹಗಲೆಲ್ಲ ಕಾಯಬೇಕು. ಅವನು ಅಭ್ಯಾಸಕ್ಕೆ ಬರುವಂತಿರಲಿಲ್ಲ. ಸ್ಟಿಕ್ಕು ಚೆಂಡು ಹಿಡಿದು ನಾನೇ ಹೋದೆ. ಅವನು ಪ್ಯಾಡ್ ಕಟ್ಟಿಕೊಂಡು ಆ ಚಂದ್ರಿಕೆಗಳ ಮುಂದೆಯೇ ನಿಂತ.

"ಲೇ, ಅಲ್ಲಿಂದ ಈಚೆ ಬಾರೋ. ಹುಳ ಅವೆ" ಅಂದೆ.

"ಅವೆ ಅಂತಲೇ ನಿಂತಿರೋದು ಕಣೋ. ಹಿಂದೆ ಏನೂ ಇಲ್ದಿದ್ರೆ ತಡೆಯಾಕೆ ಮನಸ್ ಬರಲ್ಲ. ನೀನು ಹೊಡಿ."

ಮೂರು ದಿನ ಹೊಡೆದೆ. ಒಂದು ಬೆಳೆಯ ಅಷ್ಟೂ ಹುಳುಗಳನ್ನು ಬೆನ್ನಿಗಿಟ್ಟುಕೊಂಡು ಅವನು ತಡೆದ. ಮೂರನೇ ದಿನ ಒಂದೇ ಒಂದು ಚೆಂಡು ಅವನ ಎಡಗಾಲಿನ ಪಕ್ಕದಲ್ಲಿ ನೆಲಕ್ಕಂಟಿಕೊಂಡು ನುಗ್ಗಿತು. ಆವತ್ತು ಬೆಳಿಗ್ಗೆಯಷ್ಟೇ ಕೊನೆಯ ಹುಳುಗಳನ್ನು ಬಿಟ್ಟಿದ್ದ ಚಂದ್ರಿಕೆ ಮುರಿದು ಹುಳುಗಳೆಲ್ಲ ನೆಲಕ್ಕೆ ಚೆಲ್ಲಿದವು. ಅವನ ಹೆಂಡತಿ ದೊಡ್ಡವೆಂಕಟಮ್ಮ ಒಳಗಿನಿಂದ ಬಂದು ನೋಡಿದರು. ಬೈಯಲಿಲ್ಲ.

"ಕೂತ್ಕೊಳಪ್ಪ ಮುರಳಣ್ಣ. ಒಂದೊಂದೇ ಎತ್ತಿ ಬೇರೆ ಚಂದ್ರಿಕೆಗೆ ಬಿಡು. ಒಂದನ್ನೂ ತುಳೀಬೇಡ" ಅಂದರು. ಸಂಜೆಯವರೆಗೆ ನಾನು ಹುಳು ಆಯ್ದೆ.

ಫೈನಲ್‌ನಲ್ಲಿ ನಾನೊಂದು ಗೋಲು ಹೊಡೆದೆ. ಮುಗಿಯಲು ಒಂದು ನಿಮಿಷವಿದ್ದಾಗ ಎದುರಿನವರಿಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಅವರ ಫಾರ್ವರ್ಡ್ ಹೊಡೆದ ಚೆಂಡು ಅಂಗಳದಲ್ಲಿ ನುಗ್ಗಿದ ಹಾಗೆಯೇ ಎಡಗಾಲಿನ ಪಕ್ಕದಲ್ಲಿ ನೆಲಕ್ಕಂಟಿ ಬಂತು. ಈ ಸಲ ನುಗ್ಗಲಿಲ್ಲ. ಕೈ ಕೆಸರಾದದ್ದು ಅವನದು, ಬಾಯಿ ಮೊಸರಾದದ್ದು ನನ್ನದು. ಇಷ್ಟು ವರ್ಷ ಆ ಫೋಟೊ ನನ್ನ ಮನೆಯ ಗೋಡೆಯಲ್ಲಿದ್ದರೂ ನನಗೆ ನಾಚಿಕೆ ಆಗಿರಲಿಲ್ಲ. ನಿಮ್ಮ ಪಟ್ಟಿ ನೋಡಿದ ಮೇಲೆ ಆಯಿತು. ಅಷ್ಟರ ಮಟ್ಟಿಗೆ ನಿಮಗೆ ಋಣಿ.

ಪಟ್ಟಿ ಹಿಡಿದು ಕಳೆದ ವಾರ ಸುಗಟೂರಿಗೆ ಹೋಗಿದ್ದೆ. ಕೋದಂಡ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿ ನಕ್ಕ.

"ಪೋನೀ ಬಿಡೋ ಮುರಳಿ. ಸೊನ್ನೆ ಸರಿಯಾಗೇ ಐತೆ. ಸೊನ್ನೆ ಉಳಿಸೋದೇ ಅಲ್ವಾ ನನ್ ಕೆಲ್ಸ?"

ಎದ್ದು ಹಸುವಿಗೆ ಹುಲ್ಲು ಹಾಕಲು ಹೋದ. ಅವನು ಅತ್ತ ಹೋಗುತ್ತಿದ್ದಂತೆ ದೊಡ್ಡವೆಂಕಟಮ್ಮ ದನಿ ತಗ್ಗಿಸಿ, "ಬಿಡು ಅಂತಾರೆ ಅಷ್ಟೇ ಮುರಳಣ್ಣ. ಆ ಗೋಡೆ ಕಟ್ಟೋವಾಗ ಬಸ್ ಹತ್ತಿ ಎರಡು ಸಲ ಹೋಗಿ ನೋಡ್ಕೊಂಡ್ ಬಂದವ್ರೆ. ನಂಗೆ ಆಸ್ಪತ್ರೆಗೆ ಅಂತ ಹೇಳಿದ್ರು" ಅಂದರು.

ಗೋಲು ಹೊಡೆದದ್ದನ್ನು ಎಣಿಸುವುದು ಸುಲಭ, ಮಾನ್ಯರೇ. ಆಗದೇ ಹೋದ ಗೋಲುಗಳನ್ನು ಯಾವ ಪುಸ್ತಕದಲ್ಲಿ ಬರೆದಿಡುತ್ತಾರೆ? ಅವು ನೋಡಿದವರ ನೆನಪಿನಲ್ಲಿ ಮಾತ್ರ ಇರುತ್ತವೆ. ಆ ನೋಡಿದವರು ಸುಗಟೂರು, ವೇಮಗಲ್, ಮಾಲೂರಿನಲ್ಲಿ ಇನ್ನೂ ಬದುಕಿದ್ದಾರೆ. ಒಬ್ಬರನ್ನಾದರೂ ಕೇಳಿದಿರಾ?

ನನ್ನ ಬೇಡಿಕೆ ಒಂದೇ. ಗೋಡೆಯ ಮೇಲೆ ಕೋದಂಡರಾಮಪ್ಪನ ಹೆಸರು ನನ್ನ ಹೆಸರಿಗಿಂತ ಮೇಲೆ ಇರಬೇಕು. ಇಲ್ಲವಾದರೆ ನನ್ನ ಹೆಸರೂ ಇರಕೂಡದು. ಎರಡೂ ಆಗದೆಂದರೆ ಉದ್ಘಾಟನೆಯ ಬೆಳಿಗ್ಗೆ ಸುಣ್ಣದ ಬಕೆಟ್ಟು, ಬ್ರಷ್ಷು ಹಿಡಿದು ಕ್ಯಾಲನೂರಿನಿಂದ ಬರುತ್ತೇನೆ. ನನ್ನ ಹೆಸರನ್ನು ನಾನೇ ಅಳಿಸಿಕೊಳ್ಳುವುದು ಯಾವ ಕಾನೂನಿನಲ್ಲಿ ತಪ್ಪೆಂದು ಈಗಲೇ ನೋಡಿಟ್ಟುಕೊಳ್ಳಿ. ತಡೆಯಲು ನಿಮ್ಮವರನ್ನು ಗೋಡೆಯ ಮುಂದೆ ನಿಲ್ಲಿಸುವುದಾದರೆ ಧಾರಾಳವಾಗಿ ನಿಲ್ಲಿಸಿ. ತಡೆಯುವುದೂ ಒಂದು ಕೆಲಸ ಎಂದು ಆವತ್ತಾದರೂ ನಿಮಗೆ ಗೊತ್ತಾಗಲಿ.

ಇಂತಿ,
ಸುಗಟೂರಿನ ಅಂಗಳದಲ್ಲಿ ಮೂರು ದಿನಕ್ಕೆ ಒಂದೇ ಗೋಲು ಹೊಡೆದು, ಸಂಜೆಯವರೆಗೆ ಹುಳು ಆಯ್ದ,
ನಿಮ್ಮ ಮೊದಲನೇ ಸ್ಥಾನದ
ಮುರಳೀಕೃಷ್ಣ, ಕ್ಯಾಲನೂರು