ನಾಲ್ಕನೆಯ ಗುಂಡಿ

ಮಂಗಳವಾರ, ಮಧ್ಯಾಹ್ನ
ಲಾಂಡ್ರಿ ಅಂಗಡಿಯ ಹಿಂದಿನ ಕೋಣೆ

ನನ್ನ ಮುದ್ದು ಮಗಳಿಗೆ,

ಅಮ್ಮನ ಆಶೀರ್ವಾದ. ಇತ್ತ ಎಲ್ಲ ಕ್ಷೇಮ ಎಂದು ಬರೆದು ಶುರುಮಾಡುವುದು ವಾಡಿಕೆ. ನಾನು ಹಾಗೆ ಬರೆಯುವುದಿಲ್ಲ, ಏಕೆಂದರೆ ಕ್ಷೇಮವಿಲ್ಲ. ಮೈಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ನಾಲ್ಕು ಬೀದಿ ಆಚೆ ಇರುವ ಮಗಳಿಗೆ ಕಾಗದ ಬರೆಯುವ ತಾಯಿ ಎಲ್ಲಾದರೂ ಉಂಟೇ ಎಂದು ನಗುತ್ತೀಯ. ನಗು. ಎದುರು ಕೂತು ಹೇಳಿದರೆ ಎರಡನೆಯ ಮಾತಿಗೇ "ಶುರುವಾಯ್ತಲ್ಲಮ್ಮ ನಿಂದು" ಅನ್ನುತ್ತೀಯ. ಫೋನಿನಲ್ಲಾದರೆ ಹಾಲು ಉಕ್ಕಿತು ಎಂದು ಇಟ್ಟುಬಿಡುತ್ತೀಯ. ನಿಮ್ಮ ಮನೆಯಲ್ಲಿ ಉಕ್ಕುವಷ್ಟು ಹಾಲು ಊರಿನ ಯಾವ ಡೇರಿಯಲ್ಲೂ ಉಕ್ಕುವುದಿಲ್ಲ. ಅದಕ್ಕೇ ಈ ಕಾಗದ. ನಿಮ್ಮ ಇಸ್ತ್ರಿ ಬಟ್ಟೆಯ ಗಂಟಿನಲ್ಲಿ, ನಿನ್ನ ಹಸಿರು ಸ್ವೆಟರಿನ ಮಡಿಕೆಯೊಳಗೆ ಇಟ್ಟು ಕಳಿಸುತ್ತೇನೆ. ನಿನ್ನ ಗಂಡನ ಅಂಗಿಗಳ ಕಡೆ ಇಡುವುದಿಲ್ಲ. ಅವನಿಗೆ ನಮ್ಮ ಭಾಷೆ ಮಾತಾಡಲು ಬಂದರೂ ಓದಲು ಬರುವುದಿಲ್ಲ ಎಂದು ಗೊತ್ತು. ಆದರೂ ನನ್ನ ಎಚ್ಚರಿಕೆ ನನಗೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಗಂಡನಿಗೆ ಇನ್ನೊಂದು ಸಂಸಾರ ಇದೆ ಎಂದು ನನಗೆ ಅನುಮಾನ.

ಕಾಗದ ಕೆಳಗಿಡಬೇಡ, ಮೊದಲಿನಿಂದ ಹೇಳುತ್ತೇನೆ. ಹೋದ ವಾರ ನಿಮ್ಮಿಬ್ಬರದೂ ಅಲ್ಲದ ಆ ಚಳಿ ದೇಶಕ್ಕೆ ಅರ್ಜಿ ಹಾಕಲು ವಲಸೆ ಸಲಹೆಗಾರರ ಆಫೀಸಿಗೆ ನೀವು ಹೊರಟಾಗ, ಮೊಮ್ಮಗಳು ಗುಬ್ಬಿಯನ್ನು ಹೊರಗೆ ಆಡಿಸಿಕೊಂಡಿರು ಎಂದು ನನ್ನನ್ನೂ ಕರೆದುಕೊಂಡು ಹೋದೆಯಲ್ಲ. ಗೋಡೆ ತುಂಬ ನಗುನಗುತ್ತ ವಿಮಾನ ಹತ್ತುವ ಸಂಸಾರಗಳ ಚಿತ್ರ. ಕೆಳಗೆ ಬೆಂಚಿನ ಮೇಲೆ ಕೂತ ಸಂಸಾರಗಳಲ್ಲಿ ಒಂದರ ಮುಖದಲ್ಲೂ ನಗುವಿಲ್ಲ. ಅದನ್ನು ನೋಡುತ್ತ ಕೂತಿದ್ದಾಗ ಗುಬ್ಬಿ ನನ್ನ ಕೈ ಬಿಡಿಸಿಕೊಂಡು ಒಳಗೆ ಓಡಿದಳು, ಅವಳ ಹಿಂದೆ ನಾನೂ ಬಂದೆ. ಬೇಕಂತಲೇ ಕೈ ಸಡಿಲ ಬಿಟ್ಟೆ ಎಂದು ನೀನು ಆಮೇಲೆ ಗೊಣಗಿದೆ. ಇರಬಹುದು.

ಆ ಸಲಹೆಗಾರರ ಪದ್ಧತಿ ವಿಚಿತ್ರ. ಒಂದು ತಗಡಿನ ಡಬ್ಬಿ ತುಂಬ ಕೋಟಿನ ಗುಂಡಿಗಳು. ಮನುಷ್ಯರಿಗೆ ಒಂದೊಂದು ಗುಂಡಿ, ದೇಶಕ್ಕೆ ಒಂದೊಂದು ಬಣ್ಣ. ಒಂದೇ ಮನೆಯಲ್ಲಿ ಎರಡು ದೇಶದವರಿದ್ದರೆ ಬಾಯಲ್ಲಿ ಹೇಳಿ ತಿಳಿಸುವುದು ಕಷ್ಟವಂತೆ. ಯಾರಿಗೆ ಮೊದಲು ಅನುಮತಿ, ಯಾರು ಯಾರ ಹಿಂದೆ ಹೋಗಬಹುದು ಎಂದು ಗುಂಡಿ ಸರಿಸಿ ತೋರಿಸುತ್ತಾರೆ. ನಿನ್ನ ಗಂಡನಿಗೆ ನೀಲಿ ಇಟ್ಟರು. ಗುಬ್ಬಿಗೂ ಅಪ್ಪನ ದೇಶದ ಪಾಸ್‌ಪೋರ್ಟೇ ಆದ್ದರಿಂದ ಸಣ್ಣದೊಂದು ನೀಲಿ. ನಿನಗೆ ಕೆಂಪು. ಆಮೇಲೆ ಬೇರೇನೋ ಮಾತಾಡುತ್ತಲೇ, ಕೈಗೆ ರೂಢಿಯಾದವರ ಹಾಗೆ, ಇನ್ನೊಂದು ದೊಡ್ಡ ಕೆಂಪು ಗುಂಡಿ ತೆಗೆದು ಪಕ್ಕಕ್ಕಿಟ್ಟರು. ನೀನು ಚಕ್ಕನೆ ಅದರ ಮೇಲೆ ಅಂಗೈ ಮುಚ್ಚಿ "ಮೂರೇ ಸಾರ್" ಅಂದೆ. ಅವರು "ಹೌದಲ್ವಾ, ಮರ್ತೆ" ಅಂದರು. ನಿನ್ನ ಗಂಡ ಕಿಟಕಿಯ ಕಡೆ ತಿರುಗಿಕೊಂಡ. ನೀನು ನನ್ನ ಮುಖ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವತ್ತು ಆ ಕೋಣೆಯಲ್ಲಿ ಇಬ್ಬರು ಹೆಗಲು ಮುಟ್ಟಿಕೊಂಡಿರಿ.

ನಾನು ಇಷ್ಟು ವರ್ಷ ಊರಿನವರ ಜೇಬು ನೋಡಿಕೊಂಡು ಬದುಕಿದವಳು. ಬಟ್ಟೆ ನೀರಿಗೆ ಹಾಕುವ ಮೊದಲು ಜೇಬೆಲ್ಲ ತಿರುವಿ ಹಾಕುವುದು ನಮ್ಮ ಕಸುಬಿನ ಮೊದಲ ಪಾಠ. ಜನರ ಬಾಯಿ ಒಂದು ಹೇಳುತ್ತದೆ, ಜೇಬು ಇನ್ನೊಂದು ಹೇಳುತ್ತದೆ. ನಿನ್ನಪ್ಪನ ಜೇಬಿನಲ್ಲಿ ಎರಡು ಸಿನಿಮಾ ಟಿಕೆಟ್ ಸಿಕ್ಕಿದ್ದವು. ಆ ಸಿನಿಮಾ ನಾನು ಇವತ್ತಿಗೂ ನೋಡಿಲ್ಲ.

ಈಗ ನೀನೇ ಲೆಕ್ಕ ಹಾಕು. ಕೆಂಪು ಎಂದರೆ ನಮ್ಮ ದೇಶ. ದೊಡ್ಡದು ಎಂದರೆ ಮಗುವಲ್ಲ. ಅಂದರೆ ನಮ್ಮ ದೇಶದ್ದೇ ಇನ್ನೊಬ್ಬ ಹೆಂಗಸು ನಿಮ್ಮ ಸಂಸಾರದ ಲೆಕ್ಕದಲ್ಲಿ ಆ ದೇಶಕ್ಕೆ ಹೊರಡಲಿದ್ದಳು. ನಿನಗೆ ಗೊತ್ತಾಗಿ, ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ನುಂಗಲಾರದೆ ಉಗುಳಲಾರದೆ ಕೂತಿದ್ದೀಯ. ಸುಮ್ಮನೆ ಹೇಳುತ್ತಿಲ್ಲ. ಅವನ ದಪ್ಪ ಕೋಟು ತೊಳೆಯಲು ಬಂದಾಗ ಒಳಜೇಬಿನಲ್ಲಿ ಒಂದು ಜೊತೆ ಉಣ್ಣೆಯ ಕೈಗವಸು ಇತ್ತು. ಹೊಸದು, ಹೆಂಗಸರದ್ದು. ನಿನ್ನ ಬೆರಳು ಅದರೊಳಗೆ ಈಜಾಡಬೇಕು, ಅಷ್ಟು ದೊಡ್ಡದು. ನಾನೇ ಹಾಕಿ ನೋಡಿದೆ, ನನಗೆ ಸರಿಯಾಗಿ ಕೂತಿತು. ದುಡಿದ ಕೈಯವಳು, ನನ್ನದೇ ಅಳತೆಯವಳು. ಎಂಥವಳನ್ನು ಹುಡುಕಿಕೊಂಡಿದ್ದಾನೆ ನೋಡು! ಬೆಚ್ಚಗಿರಲಿ ಎಂದು ಉಣ್ಣೆ ಬೇರೆ. ಇದ್ದಲ್ಲೇ ವಾಪಸ್ ಇಟ್ಟೆ.

ಇನ್ನೊಂದು ಮಾತು. ಒಂದು ತಿಂಗಳಿಂದ ಅವನು ನನ್ನ ಮುಖ ನೇರವಾಗಿ ನೋಡುತ್ತಿಲ್ಲ. ಮೊದಲೆಲ್ಲ ಅಂಗಡಿಗೆ ಬಂದರೆ ಮೆಷಿನ್ ಮೇಲೆ ಕೂತು, ನಮ್ಮ ಭಾಷೆಯಲ್ಲಿ ತಪ್ಪುತಪ್ಪಾಗಿ ಜೋಕು ಹೇಳಿ ತಾನೇ ನಗುತ್ತಿದ್ದ. ಈಗ ಗಂಟು ಇಟ್ಟು ಹೊರಡುತ್ತಾನೆ. ಮೊನ್ನೆ ಬಾಗಿಲಲ್ಲಿ ನಿಂತು "ಅತ್ತೆ, ನಾವು ಹೋದ್ಮೇಲೆ ನಿಮಗೆ ಬೇಜಾರಾಗಲ್ವಾ?" ಎಂದು ಕೇಳಿದ. ಬಾಯಿ ಬಿಡಿಸಲು ಬಂದಿದ್ದಾನೆ ಎಂದುಕೊಂಡು, "ಬೇಜಾರ್ಯಾಕಪ್ಪಾ, ಹಾಯಾಗಿರ್ತೀನಿ" ಅಂದೆ. ಮುಖ ಸಣ್ಣದು ಮಾಡಿಕೊಂಡು ಹೋದ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ?

ಗುರುವಾರ ಅಂಗಡಿಗೆ ಅರ್ಧ ದಿನ ಬೀಗ. ನಾನೇ ಆ ಸಲಹೆಗಾರರ ಹತ್ತಿರ ಹೋಗಿ ಬರುತ್ತೇನೆ. ಗುಬ್ಬಿಯನ್ನೂ ನಿನ್ನನ್ನೂ ಕಾಣದ ದೇಶಕ್ಕೆ ಕರೆದುಕೊಂಡು ಹೋಗುವವನು ಯಾರು ಎಂದು ತಿಳಿಯದೆ ನಾನು ಕಳಿಸಿಕೊಡುವವಳಲ್ಲ. ಉಳಿದದ್ದು ಆಮೇಲೆ.

ಶನಿವಾರ, ಮಧ್ಯಾಹ್ನ

ಮೇಲೆ ಬರೆದದ್ದನ್ನು ಹರಿದು ಒಲೆಗೆ ಹಾಕೋಣ ಎಂದುಕೊಂಡಿದ್ದೆ. ಹಾಕಲಿಲ್ಲ. ನಿನ್ನ ಅಮ್ಮ ಎಂಥವಳು ಎಂದು ನಿನಗೆ ಗೊತ್ತೇ ಇದೆ, ಮುಚ್ಚಿಟ್ಟು ಏನು ಮಾಡಲಿ.

ಗುರುವಾರ ಹೋದೆ. ದಾರಿಯುದ್ದಕ್ಕೂ ಕಥೆ ಕಟ್ಟಿಕೊಂಡು ಹೋಗಿದ್ದೆ: ನನ್ನ ಪಕ್ಕದ ಮನೆಯವಳ ಅಳಿಯ ಪರದೇಶದವನು, ಅವನಿಗೆ ಇನ್ನೊಬ್ಬಳು ಇದ್ದಾಳೆ, ಅಂಥವನು ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಲು ಕಾನೂನಿನಲ್ಲಿ ದಾರಿಯುಂಟೇ ಎಂದು ಕೇಳುವುದು. ಕಥೆಯ ಮೊದಲ ಸಾಲೇ ಮುಗಿದಿರಲಿಲ್ಲ. ಆ ಮನುಷ್ಯರು ಕನ್ನಡಕ ಏರಿಸಿ ನನ್ನನ್ನು ನೋಡಿ, ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. "ಬನ್ನಿಮ್ಮಾ. ಅಂತೂ ಮನಸ್ಸು ಬದಲಾಯಿಸಿದ್ರಾ? ನಿಮ್ಮ ಅಳಿಯ ತುಂಬಾ ಖುಷಿ ಪಡ್ತಾರೆ" ಅಂದರು.

ಯಾವ ಮನಸ್ಸು, ಯಾರು ಬದಲಾಯಿಸಿದ್ದು? ನಾನು ಬಾಯಿ ತೆರೆಯಲಿಲ್ಲ. ಸುಮ್ಮನಿದ್ದರೆ ಎದುರಿನವರು ತಾವೇ ಹೇಳುತ್ತಾರೆ, ಅದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕಲಿತದ್ದು. ಅವರು ಡಬ್ಬಿ ತೆರೆದು ಎರಡು ನೀಲಿ, ಒಂದು ಕೆಂಪು ಇಟ್ಟು, ಆ ದೊಡ್ಡ ಕೆಂಪು ಗುಂಡಿಯನ್ನು ನನ್ನ ಮುಂದೆ ಸರಿಸಿದರು. "ಇದು ನೀವು" ಅಂದರು.

ಬೇರೆಯವರ ಮಾತು ಹೇಳುವ ಹಾಗಿಲ್ಲ, ಆದರೆ ಇದು ನಿಮ್ಮದೇ ಮಾತಲ್ಲವೇ ಎಂದು ಅವರು ಒಂದೊಂದಾಗಿ ಬಿಡಿಸಿದರು. ಒಬ್ಬಳೇ ಮಗಳಿರುವ, ಒಂಟಿ ತಾಯಿಯನ್ನು ಸಂಸಾರದ ಜೊತೆ ಸೇರಿಸಲು ಆ ದೇಶದಲ್ಲಿ ದಾರಿ ಇದೆಯಂತೆ. ಮೊದಲ ಭೇಟಿಯಲ್ಲೇ ನಿನ್ನ ಗಂಡ "ನಾಲ್ಕು ಜನ" ಎಂದು ಹೇಳಿ ಕೂತನಂತೆ. ನಿಧಾನವಾಗುತ್ತದೆ ಎಂದರೆ ಆಗಲಿ ಅಂದನಂತೆ. ಎರಡು ವಾರದ ಮೇಲೆ ನೀನು ಒಬ್ಬಳೇ ಹೋಗಿ, "ಅಮ್ಮನ್ನ ಕೇಳ್ದೆ ಸಾರ್, ಅವ್ರು ಸುತಾರಾಂ ಬರಲ್ಲ ಅಂದ್ರು. ತೆಗೆದುಬಿಡಿ" ಅಂದೆಯಂತೆ.

ಈಗ ಮತ್ತೆ ಸೇರಿಸಿದರೆ ಅನುಮತಿ ಸಿಗುತ್ತದೆಯೇ ಎಂದು ಕೇಳಿದೆ. "ಸಿಗುತ್ತೆ ಅಂತ ಹೇಳೋಕಾಗಲ್ಲ, ಸಿಗಲ್ಲ ಅಂತಾನೂ ಹೇಳೋಕಾಗಲ್ಲ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಆದರೆ ಒಂದನ್ನು ಖಂಡಿತವಾಗಿ ಹೇಳಿದರು. ತಿಂಗಳ ಕೊನೆಗೆ ನಿಮ್ಮ ಅರ್ಜಿ ಹೋಗುತ್ತದೆ. ಹೋದ ಮೇಲೆ ನನ್ನನ್ನು ಸೇರಿಸಬೇಕೆಂದರೆ ವರ್ಷಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಕಾನೂನು ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಬಸ್ಸು ಬಂದರೂ ಹತ್ತದೆ ನಿಂತೇ ಇದ್ದೆನಂತೆ. ಬಸ್ಸಿನವನು ಬೈದ ಮೇಲೆ ಗೊತ್ತಾಯಿತು.

ನಿನ್ನೆ ನಿನ್ನ ಗಂಡ ಗಂಟು ತಂದ. ನನಗೆ ತಡೆಯಲಾಗಲಿಲ್ಲ. ಕೋಟಿನ ಜೇಬಿನಲ್ಲಿದ್ದ ಕೈಗವಸು ಯಾರಿಗಪ್ಪಾ ಎಂದು ಕೇಳಿಯೇಬಿಟ್ಟೆ. ಜೇಬು ನೋಡಿದ್ದಕ್ಕೆ ಸಿಟ್ಟಾಗುತ್ತಾನೆ ಎಂದುಕೊಂಡರೆ ಅವನೇ ಕೆಂಪಗಾದ. "ನಿಮಗೇ ಅತ್ತೆ. ಅಲ್ಲಿ ತುಂಬಾ ಚಳಿ, ನಿಮ್ಮ ಕೈ ಒಡೆಯುತ್ತೆ ಅಂತ ತಗೊಂಡೆ. ಆಮೇಲೆ ನೀವು ಬರೋದಿಲ್ಲ ಅಂದ್ರಂತೆ. ನನ್ ಮೇಲೆ ಕೋಪನಾ ಅತ್ತೆ?" ಅಂದ.

ಮಗಳೇ, ಆ ಕ್ಷಣದಲ್ಲಿ ನನ್ನ ನಾಲಿಗೆಯ ತುದಿಯಲ್ಲಿ ಏನಿತ್ತು ಎಂದು ನಿನಗೆ ಗೊತ್ತು. ನನ್ನನ್ನು ಯಾರೂ ಕೇಳಲೇ ಇಲ್ಲ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಇವತ್ತು ನಿಮ್ಮ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ. ಅನ್ನಲಿಲ್ಲ. "ಹೌದಪ್ಪಾ, ನಾನೇ ಅಂದಿದ್ದು. ನಿನ್ ಮೇಲೆ ಎಂಥ ಕೋಪ" ಅಂದೆ. ನೀನು ಹೇಳಿದ ಸುಳ್ಳನ್ನು ನಾನು ನಿಜ ಮಾಡಿಕೊಟ್ಟೆ. ಅವನು ಹೋದ ಮೇಲೆ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಅತ್ತೆ. ಅತ್ತದ್ದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ.

ನೀನು ಯಾಕೆ ತೆಗೆಸಿದೆ ಎಂದು ಗೊತ್ತಾಗದಷ್ಟು ದಡ್ಡಿಯಲ್ಲ ನಾನು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಒಂದೇ ಬಾಗಿಲಿನ ಮನೆ, ಹೊರಗೆ ಹೆಜ್ಜೆಯಿಡಲಾರದ ಚಳಿ, ದಿನ ಬೆಳಗಾದರೆ ಅಳಿಯನ ಜೇಬು ತಡವುವ ಅತ್ತೆ. ಅವನು ಹತ್ತು ನಿಮಿಷ ತಡವಾಗಿ ಬಂದರೆ ನಿನ್ನ ಕಿವಿಯಲ್ಲಿ ನಾನು ಏನು ಊದುತ್ತೇನೆ ಎಂದು ನೀನು ಹೆದರಿದ್ದೀಯ. ಹೆದರಿದ್ದು ತಪ್ಪು ಎಂದು ಹೇಳಲು ನನಗೆ ಬಾಯಿಲ್ಲ. ಮಂಗಳವಾರ ಬರೆದ ಪುಟ ನಿನ್ನ ಕೈಯಲ್ಲೇ ಇದೆ. ನಿನಗಾಗಿ ತೆಗೆದುಕೊಂಡ ಕೈಗವಸಿನಲ್ಲಿ ಸವತಿಯನ್ನು ಕಂಡವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು ಎಂದು ಬೇಕಾದರೆ ನಗು. ನಿನಗಲ್ಲ, ನನಗಾಗಿ ತೆಗೆದುಕೊಂಡದ್ದು. ನೋಡು, ಬರೆಯುವಾಗಲೂ ಕೈ ಒಪ್ಪುತ್ತಿಲ್ಲ.

ಆದರೂ ಒಂದು ಮಾತು ಹೇಳುತ್ತೇನೆ, ಕೇಳು. ಅಮ್ಮ ನಮ್ಮ ಜೊತೆ ಬೇಡ ಎಂದು ನೀನು ಆ ಸಲಹೆಗಾರರಿಗೆ ಹೇಳಬಹುದಿತ್ತು. ನನ್ನ ಮುಖಕ್ಕೇ ಹೇಳಬಹುದಿತ್ತು. ಒಂದು ವಾರ ಮಾತು ಬಿಡುತ್ತಿದ್ದೆ, ಎಂಟನೆಯ ದಿನ ಗುಬ್ಬಿಯ ನೆಪ ಹೇಳಿಕೊಂಡು ಬಂದುಬಿಡುತ್ತಿದ್ದೆ. ಆದರೆ ಅಮ್ಮನೇ ಬೇಡ ಅಂದಳು ಎಂದು ಹೇಳಬಾರದಿತ್ತು. ಯಾರೋ ಸಲಹೆಗಾರರಿಗೆ ಗೊತ್ತಿರುವ ನನ್ನ ಉತ್ತರ ನನಗೇ ಗೊತ್ತಿರಲಿಲ್ಲ. ನನ್ನನ್ನು ಬಿಟ್ಟು ಹೋಗುವುದು ಒಂದು, ನನ್ನ ಬಾಯಿಂದ ನೀನು ಮಾತಾಡುವುದು ಇನ್ನೊಂದು. ಮೊದಲನೆಯದಕ್ಕೆ ನೋವು. ಎರಡನೆಯದಕ್ಕೆ ಸಿಟ್ಟು, ಅದು ಸದ್ಯಕ್ಕೆ ಇಳಿಯುವ ಹಾಗೆ ಕಾಣುವುದಿಲ್ಲ.

ನಿನ್ನ ಗಂಡನಿಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ತಿಂಗಳು ಮುಗಿಯುವ ಮೊದಲು ಒಂದು ದಿನ ಬಾ. ಗುಬ್ಬಿಯನ್ನು ಕರೆದುಕೊಂಡು ಬರಬೇಡ. ಅವಳು ಮುಂದೆ ಇದ್ದರೆ ನಾನು ಸರಿಯಾಗಿ ಯೋಚಿಸಲಾರೆ. ಬಂದು, "ಅಮ್ಮಾ, ನಮ್ ಜೊತೆ ಬರ್ತೀಯಾ?" ಎಂದು ಒಂದೇ ಒಂದು ಸಲ ಕೇಳು. ಬಾಯಿಮಾತಿಗಾದರೂ ಸರಿ. ನಾನು ಬರುವುದಿಲ್ಲ ಅನ್ನುತ್ತೇನೆ. ಆಗ ನೀನು ಹೇಳಿದ್ದು ಸುಳ್ಳಾಗಿ ಉಳಿಯುವುದಿಲ್ಲ, ನೀವು ಮೂವರೂ ನೆಮ್ಮದಿಯಾಗಿ ವಿಮಾನ ಹತ್ತಬಹುದು.

ಊಟ ಸರಿಯಾಗಿ ಮಾಡು, ಸೊರಗಿದ್ದೀಯ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿನ್ನ ಅಮ್ಮ

ತಾ.ಕ.: ಇವತ್ತು ಬೆಳಗ್ಗೆ ಮೂಲೆಯ ಸ್ಟುಡಿಯೋಕ್ಕೆ ಹೋಗಿ ಪಾಸ್‌ಪೋರ್ಟಿಗೆಂದು ಫೋಟೋ ತೆಗೆಸಿದೆ. "ನಗಬಾರ್ದಮ್ಮಾ" ಎಂದು ಫೋಟೋದವನು ಎರಡೆರಡು ಸಲ ಹೇಳಬೇಕಾಯಿತು. ನಿಮ್ಮ ಜೊತೆ ಬರುವುದಕ್ಕಲ್ಲ, ತಪ್ಪು ತಿಳಿಯಬೇಡ. ಪಾಸ್‌ಪೋರ್ಟೇ ಇಲ್ಲದವಳು ಬರುವುದಿಲ್ಲ ಎಂದರೆ ಅದು ಕೈಲಾಗದ ಮಾತು. ಇಟ್ಟುಕೊಂಡು ಹೇಳಿದರೆ ಅದು ನನ್ನ ಮಾತು, ಅಷ್ಟಕ್ಕೇ. ಆದರೂ ಕೇಳುವ ಮೊದಲು ನೀನು ಚೆನ್ನಾಗಿ ಯೋಚಿಸಿಕೊಂಡು ಬಾ. ಆ ಫೋಟೋ ಕೈಗೆ ಬಂದಾಗಿನಿಂದ ನನಗೆ ನನ್ನ ಮೇಲೇ ಅನುಮಾನ.